ಲೆಕ್ಕ ಬರೆಸುವುದಕ್ಕೆ ಎಷ್ಟು ಖರ್ಚು?

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಹಲವು ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಗಳ ಗಲ್ಲಾದ ಮುಂದಿದ್ದ ಕ್ಯೂಆರ್ ಕೋಡ್‌ಗಳು ಕಾಣೆಯಾದವು. ಆ ಜಾಗಕ್ಕೆ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿ ಬಂತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮೊತ್ತ ನೋಡಿ, ಜಿಎಸ್‌ಟಿ ನೋಂದಣಿ ಮಾಡಿಸದ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿತ್ತು. ಕೆಲವರಿಗೆ ಲಕ್ಷಗಟ್ಟಲೆ ತೆರಿಗೆ ಕಟ್ಟುವಂತೆ ಸೂಚನೆ ಬಂದಿತ್ತು. ಬಂದ್‌ಗೆ ಕರೆ ಬಿದ್ದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿಗೆ ಒತ್ತಾಯವಿಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು.

ನೋಟಿಸ್ ಬಂದವರಲ್ಲಿ ಹಾಲು, ತರಕಾರಿ ಮಾರುವವರೂ ಇದ್ದರು. ತಾಜಾ ತರಕಾರಿಗೂ ಹಾಲಿಗೂ ಜಿಎಸ್‌ಟಿ ಇಲ್ಲ. ಅವನ್ನಷ್ಟೇ ಮಾರುವವರು ನೋಂದಣಿಯನ್ನೂ ಮಾಡಿಸಬೇಕಿಲ್ಲ. ಆದರೆ ಮೊಬೈಲಿಗೆ ಬಂದ ಹಣದಲ್ಲಿ ತರಕಾರಿಯದು ಎಷ್ಟು, ಬಿಸ್ಕತ್ತಿನದು ಎಷ್ಟು, ಊರಿನಿಂದ ತಮ್ಮ ಕಳಿಸಿದ ಕೈಸಾಲ ಎಷ್ಟು ಎಂದು ಬಿಡಿಸಿ ತೋರಿಸಲು ಪುಸ್ತಕ ಬೇಕು. ಪುಸ್ತಕ ಇಡದವರಿಗೆ ವರ್ಷಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಆಡಿಟರ್ ಕಚೇರಿಯ ಮೆಟ್ಟಿಲು ಹತ್ತುವುದೊಂದೇ ದಾರಿ. ಲೆಕ್ಕ ಬರೆಸದಿದ್ದರೆ ಖರ್ಚು ಉಳಿಯುತ್ತದೆ ಎಂಬ ನಂಬಿಕೆ ಇಂಥ ಹೊತ್ತಿನಲ್ಲಿ ಕುಸಿಯುತ್ತದೆ.

ಲೆಕ್ಕದ ಖರ್ಚೆಂದರೆ ಆಡಿಟರ್ ಫೀಸು ಎಂದೇ ಬಹಳ ಮಂದಿ ತಿಳಿದಿದ್ದಾರೆ. ಫೀಸು ಅದರ ಒಂದು ಪಾಲು ಮಾತ್ರ. ವ್ಯಾಪಾರವನ್ನು ಯಾವ ರೂಪದಲ್ಲಿ ಶುರುಮಾಡಿದಿರಿ, ಯಾವ ತೆರಿಗೆ ಪದ್ಧತಿ ಹಿಡಿದಿರಿ, ಬಿಲ್ಲುಗಳನ್ನು ಹೇಗೆ ಇಟ್ಟಿರಿ ಎಂಬ ಮೂರು ಸಂಗತಿಗಳು ಆ ಖರ್ಚಿನ ಹೆಚ್ಚಿನ ಭಾಗವನ್ನು ಮೊದಲೇ ಗೊತ್ತುಮಾಡಿರುತ್ತವೆ.

ಒಂದೇ ಫೀಸಿನೊಳಗೆ ಮೂರು ಕೆಲಸ

‘ತಿಂಗಳಿಗೆ ಇಷ್ಟು’ ಎಂದು ಆಡಿಟರ್ ಕಚೇರಿ ಹೇಳುವ ಮೊತ್ತದಲ್ಲಿ ಬೇರೆ ಬೇರೆ ಬೆಲೆಯ ಮೂರು ಕೆಲಸಗಳು ಸೇರಿಕೊಂಡಿರುತ್ತವೆ. ಮೊದಲನೆಯದು ಬರೆಯುವ ಕೆಲಸ: ಖರೀದಿ, ಮಾರಾಟ, ಖರ್ಚಿನ ಬಿಲ್ಲುಗಳನ್ನು ಒಂದೊಂದಾಗಿ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶಕ್ಕೆ ಏರಿಸುವುದು. ಹಿಂದೆ ಗುಮಾಸ್ತರು ಕಿರ್ದಿ, ಖಾತೆ ಬರೆಯುತ್ತಿದ್ದರಲ್ಲ, ಅದೇ ಕೆಲಸ. ಇದಕ್ಕೆ ಹಿಡಿಯುವ ಹೊತ್ತು ಬಿಲ್ಲುಗಳ ಸಂಖ್ಯೆಯನ್ನೂ ಅವು ಬಂದ ಸ್ಥಿತಿಯನ್ನೂ ಅವಲಂಬಿಸುತ್ತದೆ. ಎರಡನೆಯದು ಸಲ್ಲಿಸುವ ಕೆಲಸ: ಗಡುವಿನೊಳಗೆ ರಿಟರ್ನ್ ಹಾಕಿ ಚಲನ್ ಕಟ್ಟಿಸುವುದು. ಮೂರನೆಯದು ತೂಗಿ ನೋಡುವ ಕೆಲಸ: ಯಾವ ಪದ್ಧತಿ ಲಾಭ, ಈ ಖರ್ಚು ನಿಲ್ಲುತ್ತದೆಯೇ, ನೋಟಿಸಿಗೆ ಏನು ಉತ್ತರ ಎಂದು ಹೇಳುವುದು.

ಮೊದಲನೆಯದನ್ನು ಲೆಕ್ಕ ಬಲ್ಲ ಯಾರಾದರೂ ಮಾಡಬಹುದು. ಎರಡನೆಯದನ್ನು ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ನೋಂದಾಯಿಸಿಕೊಂಡ ತೆರಿಗೆ ಸಲಹೆಗಾರರೂ ಮಾಡಬಲ್ಲರು. ಕಂಪನಿಯ ಶಾಸನಬದ್ಧ ಲೆಕ್ಕಪರಿಶೋಧನೆ ಮತ್ತು ಆದಾಯ ತೆರಿಗೆಯ ಆಡಿಟ್ ವರದಿಗೆ ಸಹಿ ಹಾಕುವ ಅಧಿಕಾರ ಇರುವುದು 1949ರ ಕಾಯ್ದೆಯಡಿ ಸದಸ್ಯತ್ವ ಪಡೆದು ವೃತ್ತಿ ನಡೆಸುತ್ತಿರುವ ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ ಮಾತ್ರ. ದುಬಾರಿ ಕೈಗೆ ಅಗ್ಗದ ಕೆಲಸ ಕೊಟ್ಟರೆ ಹಣ ಸೋರುತ್ತದೆ. ಅಗ್ಗದ ಕೈಯಿಂದ ತೂಗಿ ನೋಡುವ ಕೆಲಸ ಮಾಡಿಸಿದರೆ ಅದಕ್ಕಿಂತ ಹೆಚ್ಚು ಸೋರುತ್ತದೆ.

ರೂಪ ದೊಡ್ಡದಾದಷ್ಟೂ ಖರ್ಚು

ಒಬ್ಬರೇ ಮಾಲೀಕರಿರುವ ಅಂಗಡಿಗೆ ಲೆಕ್ಕದ ಹೊರೆ ಎಲ್ಲಕ್ಕಿಂತ ಕಡಿಮೆ. ಆದಾಯ ತೆರಿಗೆಗೆ ವರ್ಷಕ್ಕೊಂದು ರಿಟರ್ನ್, ನೋಂದಣಿ ಇದ್ದರೆ ಜಿಎಸ್‌ಟಿ, ಅಷ್ಟೇ. ಅದೇ ಅಂಗಡಿ ಪ್ರೈವೇಟ್ ಲಿಮಿಟೆಡ್ ಆದರೆ ಚಿತ್ರವೇ ಬದಲಾಗುತ್ತದೆ. ವರ್ಷವಿಡೀ ಒಂದು ರೂಪಾಯಿ ವ್ಯಾಪಾರ ಆಗದಿದ್ದರೂ ಕಂಪನಿಗೆ ಲೆಕ್ಕಪರಿಶೋಧಕರನ್ನು ನೇಮಿಸಬೇಕು, ಲೆಕ್ಕಪತ್ರ ಮತ್ತು ವಾರ್ಷಿಕ ವಿವರಗಳನ್ನು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ತಡವಾದರೆ ಒಂದೊಂದು ನಮೂನೆಗೂ ದಿನಕ್ಕೆ 100 ರೂಪಾಯಿ ಹೆಚ್ಚುವರಿ ಶುಲ್ಕ. ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆಗೆ (ಎಲ್‌ಎಲ್‌ಪಿ) ಸ್ವಲ್ಪ ಸಡಿಲಿಕೆ ಇದೆ: ವಹಿವಾಟು 40 ಲಕ್ಷ ರೂಪಾಯಿ ಅಥವಾ ಪಾಲುದಾರರ ಬಂಡವಾಳ 25 ಲಕ್ಷ ರೂಪಾಯಿ ಮೀರಿದರೆ ಮಾತ್ರ ಪರಿಶೋಧನೆ ಕಡ್ಡಾಯ.

ಹೊರಗಿನ ಹೂಡಿಕೆ ತರುವವರಿಗೆ, ದೊಡ್ಡ ಗುತ್ತಿಗೆ ಹಿಡಿಯುವವರಿಗೆ ಕಂಪನಿಯ ರೂಪ ಬೇಕಾಗಬಹುದು. ಬರೀ ಬೋರ್ಡಿನ ಅಂದಕ್ಕೆ ಕಂಪನಿ ಮಾಡಿಕೊಂಡವರು ಆ ಅಂದಕ್ಕೆ ಪ್ರತಿವರ್ಷ ಬಾಡಿಗೆ ಕಟ್ಟುತ್ತಿರಬೇಕು.

ಐದೋ, ಎಂಟೋ, ಇಪ್ಪತ್ನಾಲ್ಕೋ?

ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ತೆರಿಗೆ ಇಲ್ಲದ ಸರಕಿನ ಜತೆ ತೆರಿಗೆಯ ಸರಕನ್ನೂ ಮಾರುವವರು ಈ ಮಿತಿಗೆ ಎರಡನ್ನೂ ಕೂಡಿಸಿ ನೋಡಬೇಕು. ಹಾಲಿನ ಜತೆ ಚಾಕೊಲೇಟ್ ಮಾರುವ ಅಂಗಡಿಗಳು ಎಡವುವುದು ಇಲ್ಲಿಯೇ.

ನೋಂದಣಿ ಆದ ಮೇಲೆ ಮೂರು ದಾರಿಗಳಿವೆ. ಸಾಮಾನ್ಯ ಪದ್ಧತಿಯಲ್ಲಿ ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರ, 20ರೊಳಗೆ ತೆರಿಗೆಯ ರಿಟರ್ನ್ ಹಾಕಬೇಕು. ವರ್ಷಕ್ಕೆ 24 ಸಲ್ಲಿಕೆ. ವಹಿವಾಟು 5 ಕೋಟಿ ರೂಪಾಯಿಯವರೆಗೆ ಇರುವವರು 2021ರ ಜನವರಿಯಿಂದ ಇರುವ ತ್ರೈಮಾಸಿಕ ಸೌಲಭ್ಯ ಪಡೆಯಬಹುದು. ಆಗ 8 ಸಲ್ಲಿಕೆ, ಉಳಿದ ತಿಂಗಳುಗಳಲ್ಲಿ ಚಲನ್ ಕಟ್ಟಿದರೆ ಸಾಕು. ಮೂರನೆಯದು ರಾಜಿ ತೆರಿಗೆ, ವ್ಯಾಪಾರಿಗಳ ಬಾಯಲ್ಲಿ ಕಾಂಪೋಸಿಷನ್. ವಹಿವಾಟು 1.5 ಕೋಟಿ ರೂಪಾಯಿಯವರೆಗೆ ಇರುವ ವರ್ತಕರು ಶೇ 1, ಮದ್ಯ ಮಾರದ ಹೋಟೆಲಿನವರು ಶೇ 5 ತೆರಿಗೆ ಕಟ್ಟಿ, ಮೂರು ತಿಂಗಳಿಗೊಂದು ವಿವರ, ವರ್ಷಕ್ಕೊಂದು ರಿಟರ್ನ್ ಕೊಟ್ಟರೆ ಮುಗಿಯಿತು. ಒಟ್ಟು 5 ಸಲ್ಲಿಕೆ.

ಕಾಂಪೋಸಿಷನ್ ಎಲ್ಲರಿಗೂ ಹೊಂದುವುದಿಲ್ಲ. ಇದರಲ್ಲಿರುವವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಆಗಿ ಹಿಂಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ. ಮನೆಮಂದಿಗೆ ಬಳೆ, ರಿಬ್ಬನ್, ಪಾತ್ರೆ ಮಾರುವ ಅಂಗಡಿಗೆ ಇದು ಸರಿ. 60 ಲಕ್ಷ ರೂಪಾಯಿ ವಹಿವಾಟಿಗೆ 60,000 ರೂಪಾಯಿ ತೆರಿಗೆ, ಕಡಿಮೆ ಕಾಗದ, ಕಡಿಮೆ ಫೀಸು. ಅಷ್ಟೇ ವಹಿವಾಟಿನ ಹಾರ್ಡ್‌ವೇರ್ ಅಂಗಡಿಯ ಗಿರಾಕಿಗಳು ಗುತ್ತಿಗೆದಾರರು. ಅವರಿಗೆ ಇನ್‌ಪುಟ್ ಸಿಗುವ ಬಿಲ್ಲು ಬೇಕು. ಅಲ್ಲಿ ಫೀಸು ಉಳಿಸಲೆಂದು ಕಾಂಪೋಸಿಷನ್‌ಗೆ ಹೋದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ.

ಆದಾಯ ತೆರಿಗೆಯಲ್ಲೂ ಹೊರೆ ಇಳಿಸುವ ದಾರಿ ಇದೆ: ಅಂದಾಜು ಲಾಭದ ಪದ್ಧತಿ. ಕಂಪನಿ, ಎಲ್‌ಎಲ್‌ಪಿಗಳಿಗೆ ಇದು ಸಿಗುವುದಿಲ್ಲ. ವಹಿವಾಟು 2 ಕೋಟಿ ರೂಪಾಯಿಯವರೆಗೆ, ನಗದು ಶೇ 5ರೊಳಗಿದ್ದರೆ 3 ಕೋಟಿ ರೂಪಾಯಿಯವರೆಗೆ, ವಿವರವಾದ ಲೆಕ್ಕ ತೋರಿಸದೆ ನಗದು ಮಾರಾಟದ ಶೇ 8, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದರ ಶೇ 6 ಲಾಭ ಎಂದು ಘೋಷಿಸಬಹುದು. 60 ಲಕ್ಷದಲ್ಲಿ 45 ಲಕ್ಷ ಯುಪಿಐ, 15 ಲಕ್ಷ ನಗದಾದರೆ ಘೋಷಿಸುವ ಲಾಭ 3.9 ಲಕ್ಷ ರೂಪಾಯಿ. ಎಲ್ಲವೂ ನಗದಾದರೆ 4.8 ಲಕ್ಷ. ಕ್ಯೂಆರ್ ಕೋಡ್ ಕಿತ್ತುಹಾಕಿದರೆ ಲಾಭ ಎಂದುಕೊಂಡವರು ಈ 90,000 ರೂಪಾಯಿ ವ್ಯತ್ಯಾಸವನ್ನೂ ಗಮನಿಸಬೇಕು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದರೂ ಈ ಪದ್ಧತಿ ಅದರಲ್ಲಿಯೂ ಇದೆ. ಒಮ್ಮೆ ಇದಕ್ಕೆ ಬಂದು ಐದು ವರ್ಷದೊಳಗೆ ಕೈಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಸಿಗುವುದಿಲ್ಲ. ಹಾಗಾಗಿ ಬಿಡುವ ಮುನ್ನ ಸಲಹೆ ಕೇಳುವುದಕ್ಕೆ ಕೊಡುವ ಫೀಸು ದಂಡವಲ್ಲ.

ಅಗ್ಗದ ಫೀಸು ದುಬಾರಿಯಾಗುವುದು ಎಲ್ಲಿ?

ಲೆಕ್ಕಕ್ಕೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಿಂಗಳಿಗೆ 1,500 ರೂಪಾಯಿ ಫೀಸಾದರೆ ವರ್ಷಕ್ಕೆ 18,000. ಅದರ ಮೇಲೆ ಶೇ 18 ಜಿಎಸ್‌ಟಿ 3,240. ಸಾಮಾನ್ಯ ಪದ್ಧತಿಯವರಿಗೆ ಈ 3,240 ಇನ್‌ಪುಟ್ ಆಗಿ ಮರಳುತ್ತದೆ, ಕಾಂಪೋಸಿಷನ್‌ನವರಿಗೆ ಮರಳುವುದಿಲ್ಲ.

ಈಗ ಹಾರ್ಡ್‌ವೇರ್ ಅಂಗಡಿಯವರು ಶೇ 18 ತೆರಿಗೆಯ ಸರಕನ್ನು 1 ಲಕ್ಷ ರೂಪಾಯಿಗೆ ಕೊಂಡರು ಎನ್ನೋಣ. ತೆರಿಗೆ 18,000. ಸರಕು ಕೊಟ್ಟವರು ತಮ್ಮ ರಿಟರ್ನಿನಲ್ಲಿ ಈ ಬಿಲ್ಲನ್ನು ತೋರಿಸದಿದ್ದರೆ ಕೊಂಡವರ ಖಾತೆಯಲ್ಲಿ ಮೂಡುವ ‘2ಬಿ’ ಪಟ್ಟಿಯಲ್ಲಿ ಅದು ಕಾಣುವುದಿಲ್ಲ. 2022ರ ಜನವರಿಯಿಂದ, ಆ ಪಟ್ಟಿಯಲ್ಲಿ ಇಲ್ಲದ ಬಿಲ್ಲಿಗೆ ಇನ್‌ಪುಟ್ ಇಲ್ಲ. ಹಣ ಕೊಟ್ಟದ್ದು ನಿಜ, ಸರಕು ಬಂದದ್ದೂ ನಿಜ. ತೆರಿಗೆ ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ. ಒಂದೇ ಬಿಲ್ಲಿನಲ್ಲಿ ಇಡೀ ವರ್ಷದ ಫೀಸು ಹೋಯಿತು. ಪ್ರತಿ ತಿಂಗಳು 14ರಂದು ಸಿದ್ಧವಾಗುವ ಈ ಪಟ್ಟಿಯನ್ನು ಖರೀದಿ ಪುಸ್ತಕದ ಜತೆ ತಾಳೆ ನೋಡಿದರೆ, ಸರಕು ಕೊಟ್ಟವರಿಗೆ ಆ ವಾರವೇ ಫೋನ್ ಮಾಡಿ ಸರಿಪಡಿಸಬಹುದು. ಕಡಿಮೆ ಫೀಸಿನ ಕಚೇರಿಯಲ್ಲಿ ಮೊದಲು ಕೈಬಿಟ್ಟುಹೋಗುವುದು ಈ ತಾಳೆಯೇ.

ತಡಮಾಡಿದರೂ ಬೆಲೆ ಇದೆ. ಜಿಎಸ್‌ಟಿ ರಿಟರ್ನ್‌ಗೆ ದಿನಕ್ಕೆ 50 ರೂಪಾಯಿ, ವ್ಯಾಪಾರವೇ ಇಲ್ಲದ ಶೂನ್ಯ ರಿಟರ್ನ್‌ಗೆ 20 ರೂಪಾಯಿ ವಿಳಂಬ ಶುಲ್ಕ. ವಹಿವಾಟು 1.5 ಕೋಟಿ ರೂಪಾಯಿಯೊಳಗಿದ್ದರೆ ಒಂದು ರಿಟರ್ನಿಗೆ 2,000, ಶೂನ್ಯ ರಿಟರ್ನ್‌ಗೆ 500 ರೂಪಾಯಿ ಗರಿಷ್ಠ ಮಿತಿ. ಕಟ್ಟದೆ ಉಳಿದ ತೆರಿಗೆಗೆ ವರ್ಷಕ್ಕೆ ಶೇ 18 ಬಡ್ಡಿ.

ನಿಮ್ಮ ಕೈಯಲ್ಲೇ ಇರುವುದು

ಕೆಲವಕ್ಕೆ ಸರ್ಕಾರ ಹಣವನ್ನೇ ಕೇಳುವುದಿಲ್ಲ. ಜಿಎಸ್‌ಟಿ ನೋಂದಣಿಗೂ ಉದ್ಯಮ್ ನೋಂದಣಿಗೂ ಸರ್ಕಾರಿ ಶುಲ್ಕ ಇಲ್ಲ; ಯಾರಾದರೂ ಹಣ ಕೇಳಿದರೆ ಅದು ಅವರ ಕೆಲಸದ ಕೂಲಿ. ಕೂಲಿ ಕೊಡುವುದು ತಪ್ಪಲ್ಲ, ಅದನ್ನು ಸರ್ಕಾರದ ಶುಲ್ಕವೆಂದು ನಂಬುವುದು ತಪ್ಪು. ವ್ಯಾಪಾರವೇ ಆಗದ ತಿಂಗಳಿನ ಶೂನ್ಯ ರಿಟರ್ನನ್ನು 2020ರಿಂದ ಎಸ್‌ಎಂಎಸ್ ಮೂಲಕವೇ ಹಾಕುವ ಅನುಕೂಲ ಬಂದಿದೆ.

ಬರೆಯುವ ಕೆಲಸವನ್ನು ಅಂಗಡಿಯಲ್ಲೇ ಮಾಡಿಕೊಂಡರೆ ಫೀಸು ಇಳಿಸುವಂತೆ ಕೇಳಬಹುದು. ಟ್ಯಾಲಿ ಹುಟ್ಟಿದ್ದೇ ಇಂಥ ಅಗತ್ಯದಿಂದ. ಬೆಂಗಳೂರಿನ ಉದ್ಯಮಿ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರದ ಲೆಕ್ಕ ನೋಡಿಕೊಳ್ಳಲು ಹೊಂದುವ ತಂತ್ರಾಂಶ ಸಿಗದಿದ್ದಾಗ, ಮಗ ಭರತ್ ಅವರಿಂದ ಅದನ್ನು ಬರೆಸಿದರು. 1986ರಲ್ಲಿ ಅದಕ್ಕಾಗಿ ಸಂಸ್ಥೆ ಶುರುವಾಯಿತು; ಆ ತಂತ್ರಾಂಶದ ಹೆಸರೇ ಇಂದು ಬಹಳ ಕಡೆ ಕಂಪ್ಯೂಟರ್ ಲೆಕ್ಕಕ್ಕೆ ಪರ್ಯಾಯ ಪದವಾಗಿದೆ.

ತಂತ್ರಾಂಶ ಕೊಳ್ಳದವರಿಗೂ ಮೂರು ಅಭ್ಯಾಸಗಳು ಸಾಕು. ಮನೆಯ ಹಣಕ್ಕೆ ಒಂದು, ಅಂಗಡಿಯ ಹಣಕ್ಕೆ ಇನ್ನೊಂದು ಬ್ಯಾಂಕ್ ಖಾತೆ ಇಟ್ಟು, ಕ್ಯೂಆರ್ ಕೋಡನ್ನು ಅಂಗಡಿಯ ಖಾತೆಗೆ ಮಾತ್ರ ಜೋಡಿಸುವುದು ಮೊದಲನೆಯದು. ಗಲ್ಲಾ ಮುಚ್ಚುವಾಗ ಅಂದಿನ ನಗದು, ಯುಪಿಐ, ಉದ್ರಿ ಮೂರನ್ನೂ ಕಿರ್ದಿ ಪುಸ್ತಕದಲ್ಲಿ ಬರೆಯುವುದು ಎರಡನೆಯದು. ಖರೀದಿ ಬಿಲ್ಲುಗಳನ್ನು ತಿಂಗಳವಾರು ಫೈಲ್ ಮಾಡುವುದು ಮೂರನೆಯದು. ಕ್ಯಾರಿಬ್ಯಾಗಿನಲ್ಲಿ ತುರುಕಿದ ವರ್ಷದ ಬಿಲ್ಲುಗಳನ್ನು ಮಾರ್ಚ್ ಎಂಡಿಂಗ್‌ನಲ್ಲಿ ಮೇಜಿನ ಮೇಲೆ ಸುರಿದರೆ, ಅದನ್ನು ವಿಂಗಡಿಸುವ ಹುಡುಗರ ಸಂಬಳವೂ ನಿಮ್ಮ ಫೀಸಿಗೇ ಸೇರುತ್ತದೆ.

ಫೀಸು ಮಾತಾಡುವಾಗ

ಫೀಸಿಗೆ ಸರ್ಕಾರ ನಿಗದಿ ಮಾಡಿದ ದರ ಇಲ್ಲ. ಆದ್ದರಿಂದ ಒಪ್ಪಿಕೊಳ್ಳುವ ಮುನ್ನ ಕೇಳಿ: ಬಿಲ್ಲು ಏರಿಸುವುದು ಇದರಲ್ಲಿ ಸೇರಿದೆಯೇ? ‘2ಬಿ’ ತಾಳೆ ಪ್ರತಿ ತಿಂಗಳು ನೋಡುತ್ತೀರಾ? ಆದಾಯ ತೆರಿಗೆ ರಿಟರ್ನ್ ಬೇರೆಯೇ? ನೋಟಿಸ್ ಬಂದರೆ ಉತ್ತರಕ್ಕೆ ಎಷ್ಟು? ಬ್ಯಾಂಕ್ ಸಾಲಕ್ಕೆ ಬೇಕಾದ ಪತ್ರಗಳಿಗೆ ಎಷ್ಟು? ನಿಮ್ಮ ಕಚೇರಿಯಿಂದ ತಡವಾದರೆ ವಿಳಂಬ ಶುಲ್ಕ ಯಾರದು? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ.

ಚಾರ್ಟರ್ಡ್ ಅಕೌಂಟೆಂಟ್ ಸಾಮಾನ್ಯವಾಗಿ ಲಾಭದ ಇಂತಿಷ್ಟು ಪಾಲನ್ನು ಫೀಸಾಗಿ ಕೇಳುವಂತಿಲ್ಲ. ಅವರ ವೃತ್ತಿಯ ಕಾಯ್ದೆಯೇ ಅದನ್ನು ತಡೆಯುತ್ತದೆ. ಅವರು ಕೊಡುವ ಪ್ರಮಾಣಪತ್ರದ ಮೇಲೆ ಯುಡಿಐಎನ್ ಎಂಬ, ಅಂಕಿ ಮತ್ತು ಅಕ್ಷರ ಸೇರಿದ 18 ಸ್ಥಾನಗಳ ಸಂಖ್ಯೆ ಇರಬೇಕು. ಸಹಿ ನಿಜವೇ ಎಂದು ಬ್ಯಾಂಕಿನವರು ನೋಡುವುದು ಅದರಿಂದಲೇ, ನೀವೂ ನೋಡಬಹುದು.

ಕೊನೆಯದಾಗಿ, ಜಿಎಸ್‌ಟಿ ಮತ್ತು ಆದಾಯ ತೆರಿಗೆಯ ಜಾಲತಾಣಗಳಲ್ಲಿ ನಿಮ್ಮ ಖಾತೆಗೆ ಯಾರ ಮೊಬೈಲ್ ಸಂಖ್ಯೆ, ಯಾರ ಇಮೇಲ್ ಇದೆ ಎಂದು ಇವತ್ತೇ ನೋಡಿ. ಅಲ್ಲಿ ಸಲಹೆಗಾರರ ಸಂಖ್ಯೆ ಇದ್ದರೆ ನೋಟಿಸ್ ಬಂದ ಸುದ್ದಿ ನಿಮಗೆ ಮುಟ್ಟುವುದು ಅವರ ಮೂಲಕವೇ, ಅವರು ಹೇಳಿದ ದಿನವೇ. ಕಚೇರಿ ಬದಲಿಸಬೇಕೆಂದರೂ ಒಟಿಪಿಗಾಗಿ ಅವರನ್ನೇ ಕಾಯಬೇಕು. ಸಂಖ್ಯೆ, ಪಾಸ್‌ವರ್ಡ್, ವರ್ಷವರ್ಷದ ಟ್ಯಾಲಿ ಬ್ಯಾಕಪ್, ಈ ಮೂರೂ ಮಾಲೀಕರ ಕೈಯಲ್ಲಿರಬೇಕು. ವಾರ್ಷಿಕ ರಿಟರ್ನಿನ ಗಡುವಿನಿಂದ 72 ತಿಂಗಳು ಜಿಎಸ್‌ಟಿ ಪುಸ್ತಕಗಳನ್ನು ಕಾಪಾಡಬೇಕೆಂದು ಕಾನೂನು ಹೇಳುವುದು ನಿಮಗೆ, ನಿಮ್ಮ ಆಡಿಟರ್‌ಗಲ್ಲ.