ಗಾಯಗೊಂಡ ಯೋಧನ ಬಿನ್ನಹ

ಲೋಕದಲ್ಲಿ ಬೇಡುವುದಕ್ಕಿಂತ ಕಷ್ಟತರವಾದ ಕಾರ್ಯವಿಲ್ಲವೆಂದು ಹಿರಿಯರು ಹೇಳುವರು. ಮಾನವಂತನಿಗೆ ಧನವನ್ನು ಬೇಡುವುದು ಕಷ್ಟ. ಗೌರವವನ್ನು ಬೇಡುವುದಂತೂ ಅದಕ್ಕಿಂತಲೂ ಕಷ್ಟ. ಏಕೆಂದರೆ ಧನವು ಬೇಡಿ ಪಡೆದರೂ ಧನವೇ ಆಗಿರುತ್ತದೆ. ಗೌರವವಾದರೋ ಬೇಡಿದೊಡನೆಯೇ ಅರ್ಧ ಕಳೆದುಹೋದಂತೆ ತೋರುತ್ತದೆ. ಆದರೂ ತನ್ನ ದೇಹದ ಒಂದು ಭಾಗವನ್ನು ದೇಶಸೇವೆಯಲ್ಲಿ ಕಳೆದುಕೊಂಡವನು “ಇದನ್ನು ತಾವು ಬಲ್ಲಿರಾ?” ಎಂದು ಸರಕಾರವನ್ನು ಕೇಳಿದರೆ ಅದು ಯಾಚನೆಯೋ, ನ್ಯಾಯವಾದ ಪ್ರಶ್ನೆಯೋ? ಕಳೆದ ವರ್ಷ ಈ ವಿಚಾರವು ನನ್ನ ಮನೆಯ ಜಗಲಿಗೇ ಬಂದಿತಾದ್ದರಿಂದ ಅದನ್ನು ವಾಚಕರ ಮುಂದಿಡಲು ಯತ್ನಿಸುತ್ತೇನೆ.

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತರಾದ ಹವಾಲ್ದಾರರೊಬ್ಬರಿದ್ದಾರೆ. ಮಿತಭಾಷಿಗಳು. ನಡೆಯುವಾಗ ಎಡಗಾಲನ್ನು ತುಸು ಎಳೆದು ಇಡುವರು. ಮಾರ್ಗಶಿರ ಮಾಸದ ಒಂದು ಸಾಯಂಕಾಲ ಅವರು ಬಂದು, ಬಹಳ ಹೊತ್ತು ಮಳೆ ಬೆಳೆಗಳ ಮಾತನಾಡಿ, ಕಡೆಗೆ “ಮೇಷ್ಟ್ರೇ, ತಮ್ಮ ಕೈಯಿಂದ ಒಂದು ಅರ್ಜಿ ಬರೆಸಿಕೊಳ್ಳಬೇಕೆಂದು ಬಂದೆ” ಎಂದರು. ಪಿಂಚಣಿಯ ವಿಷಯವೇ ಎಂದು ಕೇಳಿದೆನು. “ಅಲ್ಲ, ಅದು ಬರುತ್ತಿದೆ. ಇದು ಪದಕದ ವಿಷಯ” ಎಂದು ಹೇಳಿ ತಲೆ ತಗ್ಗಿಸಿದರು.

ಅವರು ಸಿಯಾಚಿನ್ ಹಿಮನದಿಯ ಮೇಲೆ ಸೇವೆ ಮಾಡಿದವರು. 1984ರ ಏಪ್ರಿಲ್ 13ರಂದು ನಮ್ಮ ಸೇನೆಯು ಆ ಹಿಮನದಿಯ ಮೇಲಿನ ಕಣಿವೆಗಳನ್ನು ಹಿಡಿಯಲು ಹೊರಟಾಗ ಆ ಕಾರ್ಯಕ್ಕೆ ಕಾಳಿದಾಸನ ಕಾವ್ಯದ ಹೆಸರನ್ನೇ, ಎಂದರೆ ‘ಮೇಘದೂತ’ವೆಂದೇ ಇಟ್ಟಿದ್ದರು. ಹದಿನೆಂಟು ಇಪ್ಪತ್ತು ಸಾವಿರ ಅಡಿಗಳ ಎತ್ತರದ ಆ ಠಾಣ್ಯಗಳಲ್ಲಿ ಶತ್ರುವಿನ ಗುಂಡಿಗಿಂತ ಹಿಮಪಾತ, ಶೀತ, ವಾಯುವಿನ ಅಭಾವ ಇವುಗಳಿಗೇ ಹೆಚ್ಚು ಮಂದಿ ಬಲಿಯಾದರೆಂಬುದು ಪ್ರಸಿದ್ಧವಾದ ವಿಷಯ. ನಮ್ಮ ಹವಾಲ್ದಾರರು 1990ರ ದಶಕದ ಒಂದು ಚಳಿಗಾಲದಲ್ಲಿ, ಬಿರುಗಾಳಿಯಲ್ಲಿ ಸಿಕ್ಕಿಬಿದ್ದ ಸಂಗಡಿಗರಿಬ್ಬರನ್ನು ಹುಡುಕಿ ತರಲು ಹೋಗಿ ರಾತ್ರಿಯೆಲ್ಲ ಹಿಮದಲ್ಲಿ ಕಳೆದರು. ಸಂಗಡಿಗರು ಬದುಕಿದರು. ಇವರ ಎಡಗಾಲಿನ ಮೂರು ಬೆರಳುಗಳು ಹಿಮದ ಹೊಡೆತಕ್ಕೆ ಕಪ್ಪಾಗಿ, ಆಸ್ಪತ್ರೆಯಲ್ಲಿ ಅವನ್ನು ಕತ್ತರಿಸಿ ತೆಗೆಯಬೇಕಾಯಿತು.

“ಅಲ್ಲಿ ಇದ್ದುದಕ್ಕೆ ಪದಕ ಕೊಟ್ಟಿದ್ದಾರೆ, ಅದು ನನ್ನಲ್ಲಿದೆ. ಅಲ್ಲಿ ಬಿಟ್ಟುಬಂದುದಕ್ಕೆ ಏನೂ ಇಲ್ಲ” ಎಂದರು ಹವಾಲ್ದಾರರು.

ನಮ್ಮ ದೇಶದಲ್ಲಿ ಗಾಯಗೊಂಡ ಯೋಧರಿಗೆಂದೇ ‘ಪರಾಕ್ರಮ ಪದಕ’ವೆಂಬುದೊಂದಿದೆ. ಅವರ ಮಗಳು ಅದರ ನಿಯಮವನ್ನು ಹುಡುಕಿ ಬರೆದುಕೊಟ್ಟಿದ್ದಳು. ಯಾವುದೇ ಬಗೆಯ ಸೈನಿಕ ಕಾರ್ಯಾಚರಣೆಯಲ್ಲಾಗಲಿ, ಬಂಡುಕೋರರನ್ನು ಅಡಗಿಸುವ ಕಾರ್ಯದಲ್ಲಾಗಲಿ, ಶತ್ರುವಿನ ನೇರವಾದ ಕೃತ್ಯದಿಂದ ಗಾಯವಾಗಿದ್ದರೆ ಈ ಪದಕವು ಸಲ್ಲುವುದು. ನಾನು ಎರಡು ಸಲ ಓದಿದೆನು. ‘ಶತ್ರುವಿನ ನೇರವಾದ ಕೃತ್ಯ’ ಎಂಬ ಮಾತಿನ ಬಳಿ ನನ್ನ ಬೆರಳು ನಿಂತಿತು. ಹವಾಲ್ದಾರರು ನಕ್ಕು, “ನನಗೂ ಅಲ್ಲಿಯೇ ನಿಂತಿತು ಮೇಷ್ಟ್ರೇ” ಎಂದರು.

ಅವರು ನನ್ನಲ್ಲಿಗೆ ಬರುವ ಮೊದಲು ಪೇಟೆಯ ಅರ್ಜಿ ಬರೆಯುವವನೊಬ್ಬನ ಬಳಿಗೆ ಹೋಗಿದ್ದರಂತೆ. ಅವನು ಸುಲಭೋಪಾಯವನ್ನು ಹೇಳಿದನಂತೆ: “ಆ ರಾತ್ರಿ ಆಚೆ ಕಡೆಯಿಂದ ಒಂದು ಗುಂಡು ಬಿತ್ತೆಂದು ಬರೆಯೋಣ. ಇಷ್ಟು ವರ್ಷಗಳ ಮೇಲೆ ಯಾರು ನೋಡುತ್ತಾರೆ?” ಆ ದಿನಗಳಲ್ಲಿ ಆ ಕಡೆಯಿಂದ ಗುಂಡು ಬೀಳುತ್ತಿದ್ದುದು ಸುಳ್ಳೇನೂ ಅಲ್ಲ, 2003ರ ನವೆಂಬರಿನಲ್ಲಿ ಕದನವಿರಾಮವಾಗುವವರೆಗೂ ಅದು ನಡೆದೇ ಇತ್ತು. ಆದರೆ ಹವಾಲ್ದಾರರು ಎದ್ದು ಬಂದುಬಿಟ್ಟರು. “ಆ ರಾತ್ರಿ ಗುಂಡು ಬೀಳಲಿಲ್ಲ. ಬಿದ್ದದ್ದು ಹಿಮ. ಸುಳ್ಳು ಹೇಳಿ ಪಡೆದ ಪದಕವನ್ನು ಎದೆಯ ಮೇಲೆ ಹಾಕಿಕೊಂಡರೆ ಆ ಇಬ್ಬರು ಸಂಗಡಿಗರ ಮುಖವನ್ನು ಹೇಗೆ ನೋಡಲಿ?” ಎಂಬುದು ಅವರ ಮಾತು. ನಲವತ್ತು ವರ್ಷ ಮಕ್ಕಳಿಗೆ ಸತ್ಯದ ಮಹಿಮೆಯನ್ನು ಪಾಠ ಹೇಳಿದ ನನಗೆ ಅಂದು ಪಾಠವಾಯಿತು.

ಅರ್ಜಿಯನ್ನು ಬರೆಯುವ ಮುನ್ನ ಇತರ ದೇಶಗಳಲ್ಲಿ ಈ ವಿಷಯವು ಹೇಗೆ ನಡೆದಿದೆಯೆಂಬುದನ್ನು ಓದಿ ತಿಳಿದುಕೊಂಡೆನು. ಮೊದಲನೆಯ ಮಹಾಯುದ್ಧದ ಕಾಲಕ್ಕೆ, 1916ರಲ್ಲಿ, ಆಂಗ್ಲರು ಗಾಯಗೊಂಡ ಸಿಪಾಯಿಯ ಎಡ ತೋಳಿನ ಕೆಳಭಾಗದಲ್ಲಿ ಚಿನ್ನದ ಬಣ್ಣದ ಒಂದು ಪಟ್ಟಿಯನ್ನು ಹೊಲಿಸುವ ಪದ್ಧತಿಯನ್ನು ತಂದರು. ಅದೇ ವರ್ಷ ಗಾಯದಿಂದಲೋ ರೋಗದಿಂದಲೋ ಸೇನೆಯಿಂದ ಬಿಡುಗಡೆಯಾದವರಿಗೆ ಬೆಳ್ಳಿಯ ಬಿಲ್ಲೆಯೊಂದನ್ನು ಕೊಟ್ಟರು. ಅದಕ್ಕೆ ಕಾರಣವುಂಟು. ಸಾಧಾರಣ ಉಡುಪಿನಲ್ಲಿ ಬೀದಿಯಲ್ಲಿ ನಡೆಯುವ ಯುವಕರನ್ನು ಹೇಡಿಗಳೆಂದು ಹಂಗಿಸಿ ಕೆಲವು ಹೆಂಗಸರು ಅವರ ಕೈಗೆ ಬಿಳಿಯ ಗರಿಯನ್ನು ಕೊಡುತ್ತಿದ್ದರು. ಕಾಣದ ಗಾಯವುಳ್ಳವರೂ ಈ ಅವಮಾನಕ್ಕೆ ಗುರಿಯಾಗುತ್ತಿದ್ದರು. ಆ ಬಿಲ್ಲೆಯು ಅಲಂಕಾರಕ್ಕಾಗಿ ಹುಟ್ಟಿದ್ದಲ್ಲ, ಮಾನರಕ್ಷಣೆಗಾಗಿ ಹುಟ್ಟಿದ್ದು.

ಅಮೆರಿಕ ದೇಶದ ಕಥೆಯು ಇನ್ನೂ ವಿಸ್ತಾರವಾದುದು. 1782ರ ಆಗಸ್ಟ್ 7ರಂದು ಸೇನಾಪತಿ ಜಾರ್ಜ್ ವಾಷಿಂಗ್ಟನ್ನರು ಸಾಮಾನ್ಯ ಸಿಪಾಯಿಗಳ ವಿಶೇಷ ಸೇವೆಗಾಗಿ ನೇರಳೆ ಬಣ್ಣದ ಬಟ್ಟೆಯ ಹೃದಯಾಕಾರದ ಚಿಹ್ನೆಯೊಂದನ್ನು ಏರ್ಪಡಿಸಿದರು. ಬಳಿಕ ಅದು ಮರೆತೇ ಹೋಯಿತು. ಅವರು ಹುಟ್ಟಿ ಇನ್ನೂರು ವರ್ಷಗಳಾದ ದಿನ, 1932ರ ಫೆಬ್ರವರಿ 22ರಂದು, ‘ಪರ್ಪಲ್ ಹಾರ್ಟ್’ ಎಂಬ ಹೆಸರಿನಿಂದ ಅದು ಪುನರುಜ್ಜೀವನಗೊಂಡಿತು. ಗಮನಿಸತಕ್ಕ ಸಂಗತಿಯೇನೆಂದರೆ, ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡಿದ್ದ ಹಳೆಯ ಸಿಪಾಯಿಗಳು ಆ ಪದಕವನ್ನು ತಾವೇ ಅರ್ಜಿ ಹಾಕಿ ಕೇಳಿ ಪಡೆಯಬೇಕಾಗಿತ್ತು. ಕೇಳುವುದರಲ್ಲಿ ನಾಚಿಕೆಯೇನಿದೆಯೆಂದು ಹವಾಲ್ದಾರರಿಗೆ ಇದನ್ನು ಓದಿ ಹೇಳಿದೆನು. ಅವರ ಮುಖವು ಸ್ವಲ್ಪ ಅರಳಿತು.

ಆದರೆ ಅಲ್ಲಿಯೂ ಶತ್ರುವಿನಿಂದಾದ ಗಾಯಕ್ಕೇ ಪದಕ. ಅಪಘಾತಕ್ಕೂ ರೋಗಕ್ಕೂ ಇಲ್ಲ. ಹಿಮದ ಹೊಡೆತದ ಮಾತಂತೂ ವಿಚಿತ್ರವಾಗಿದೆ. 1941ರ ಡಿಸೆಂಬರ್ 7ರಿಂದ 1951ರ ಆಗಸ್ಟ್ 22ರವರೆಗೆ ಆಸ್ಪತ್ರೆಗೆ ಸೇರಿಸಬೇಕಾದಷ್ಟು ತೀವ್ರವಾದ ಹಿಮದ ಹೊಡೆತಕ್ಕೆ ಆ ಪದಕವು ಸಲ್ಲುವುದೆಂದು ಅವರ ಸೇನಾನಿಯಮವು ಹೇಳುತ್ತದೆ; ಆ ದಿನದಿಂದೀಚೆಗೆ ಸಲ್ಲದು. ಹಿಮವು ಅದೇ, ಕಾಲ್ಬೆರಳು ಅದೇ, ನೋವೂ ಅದೇ. ಗೆರೆಯ ಆಚೆ ಒಬ್ಬನು ಪದಕಧಾರಿ, ಈಚೆ ಮತ್ತೊಬ್ಬನು ಬರಿಗೈಯವನು. ನಿಯಮವು ಎಲ್ಲಿಯಾದರೂ ಗೆರೆ ಎಳೆಯಲೇಬೇಕೆಂಬುದು ನಿಜ. ಆದರೆ ಗೆರೆಯ ಅಂಚಿನಲ್ಲಿ ನಿಂತವನ ದುಃಖವೂ ಅಷ್ಟೇ ನಿಜ.

ಇನ್ನೊಂದು ಕಷ್ಟವು ಕಾಗದಪತ್ರಗಳದು. 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ಬಳಿಯ ಅಮೆರಿಕದ ಸೇನಾ ದಾಖಲೆಗಳ ಭಂಡಾರಕ್ಕೆ ಬೆಂಕಿ ಬಿದ್ದು, ಒಂದು ಕೋಟಿ ಅರವತ್ತು ಲಕ್ಷಕ್ಕೂ ಮಿಕ್ಕಿದ ಕಡತಗಳು ಭಸ್ಮವಾದವು. 1912ರಿಂದ 1960ರ ಆರಂಭದ ವರೆಗೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ನೂರಕ್ಕೆ ಎಂಬತ್ತರಷ್ಟು ಹೋದವು. ಅವಕ್ಕೆ ಪ್ರತಿಗಳೂ ಇರಲಿಲ್ಲ. ಅನಂತರ ಎಷ್ಟೋ ಮಂದಿ ವೃದ್ಧ ಯೋಧರು ಮೈಮೇಲೆ ಗಾಯದ ಗುರುತನ್ನು ಹೊತ್ತಿದ್ದರೂ ಕಾಗದದ ಮೇಲೆ ಅದನ್ನು ತೋರಿಸಲಾರದೆ, ಆಸ್ಪತ್ರೆಯ ಹಳೆಯ ಪಟ್ಟಿಗಳನ್ನೂ ಸಂಗಡಿಗರ ಪ್ರಮಾಣಪತ್ರಗಳನ್ನೂ ಹುಡುಕುತ್ತ ಅಲೆಯಬೇಕಾಯಿತು.

ಮೂರನೆಯದು ಕಣ್ಣಿಗೆ ಕಾಣದ ಗಾಯ. ಸಿಡಿಮದ್ದಿನ ಆಘಾತದಿಂದ ಮಿದುಳಿಗಾಗುವ ಪೆಟ್ಟಿಗೂ ಪದಕವು ಸಲ್ಲಬಹುದೆಂದು 2011ರಲ್ಲಿ ಅಲ್ಲಿಯ ಸರಕಾರವು ಸ್ಪಷ್ಟಪಡಿಸಿತು. 2020ರ ಜನವರಿ 8ರಂದು ಇರಾಕಿನ ಅಲ್ ಅಸದ್ ಸೇನಾನೆಲೆಯ ಮೇಲೆ ಇರಾನಿನ ಕ್ಷಿಪಣಿಗಳು ಬಿದ್ದಾಗ ಅಮೆರಿಕದವರಾರಿಗೂ ಅಪಾಯವಾಗಲಿಲ್ಲವೆಂದು ಮೊದಲು ಸಾರಲಾಯಿತು. ಕ್ರಮೇಣ ನೂರಕ್ಕೂ ಹೆಚ್ಚು ಮಂದಿಗೆ ಮಿದುಳಿನ ಪೆಟ್ಟಾಗಿದ್ದುದು ತಿಳಿಯಿತು. ಮೊದಲು 29 ಮಂದಿಗೆ ಮಾತ್ರ ಪದಕ ದೊರೆಯಿತು. ಮತ್ತೆ ವಿಚಾರಣೆಯಾಗಿ 2021ರ ಡಿಸೆಂಬರಿನಲ್ಲಿ ಇನ್ನೂ 39 ಮಂದಿಗೆ ಮಂಜೂರಾಯಿತು. ಸುಮ್ಮನಿದ್ದಿದ್ದರೆ ಆ ಎರಡನೆಯ ಪಟ್ಟಿಯು ಹುಟ್ಟುತ್ತಿರಲಿಲ್ಲವೆಂದೇ ನನ್ನ ಎಣಿಕೆ.

ಇಷ್ಟನ್ನು ಓದಿದ ಮೇಲೆ ನಾವಿಬ್ಬರೂ ಕುಳಿತು ಅರ್ಜಿಯನ್ನು ಬರೆದೆವು. ನನ್ನ ಮೊದಲನೆಯ ಕರಡು ಮೂರು ಪುಟವಾಗಿತ್ತು. ಅದರಲ್ಲಿ ‘ಹಿಮವಂತನ ಶಿಖರಾಗ್ರ’, ‘ಪ್ರಾಣವನ್ನು ತೃಣೀಕರಿಸಿ’ ಮುಂತಾದ ಮಾತುಗಳು ಧಾರಾಳವಾಗಿದ್ದವು. ಹವಾಲ್ದಾರರು ಸಾವಧಾನವಾಗಿ ಕೇಳಿ, “ಚೆನ್ನಾಗಿದೆ ಮೇಷ್ಟ್ರೇ. ಆದರೆ ಇದು ಬೇರೆ ಯಾರದೋ ಕಥೆಯ ಹಾಗಿದೆ” ಎಂದರು. ಎರಡನೆಯ ಕರಡು ಅರ್ಧ ಪುಟ. ದಿನಾಂಕ, ಠಾಣ್ಯ, ಹೋದ ಕಾರಣ, ಕತ್ತರಿಸಿದ ಬೆರಳುಗಳ ಸಂಖ್ಯೆ, ಆಸ್ಪತ್ರೆಯ ಚೀಟಿಯ ನಕಲು. ಕೊನೆಗೆ ಒಂದು ವಾಕ್ಯ: “ಈ ಗಾಯವು ಶತ್ರುವಿನ ಗುಂಡಿನಿಂದಾದುದಲ್ಲ, ಆದರೂ ಶತ್ರುವಿಗೆ ಎದುರಾಗಿ ನಿಂತಿದ್ದ ಸ್ಥಳದಲ್ಲಿ ಆದುದಾದ್ದರಿಂದ ಪರಿಶೀಲಿಸಬೇಕಾಗಿ ಬೇಡುತ್ತೇನೆ.”

ನಾಲ್ಕು ತಿಂಗಳ ಮೇಲೆ ಸಂಬಂಧಪಟ್ಟ ಕಛೇರಿಯಿಂದ ಉತ್ತರ ಬಂದಿತು. ಎರಡೇ ವಾಕ್ಯ. ಮಾತು ಮರ್ಯಾದೆಯದಾಗಿತ್ತು, ನಿಯಮದಂತೆ ಪದಕವು ಸಲ್ಲುವುದಿಲ್ಲವೆಂಬುದೇ ಸಾರಾಂಶ. ಹವಾಲ್ದಾರರು ಅದನ್ನು ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡರು. ನಾನು ಸಮಾಧಾನದ ಮಾತನ್ನು ಹುಡುಕುತ್ತಿರುವಷ್ಟರಲ್ಲಿ ಅವರೇ ಹೇಳಿದರು: “ಹೋಗಲಿ ಮೇಷ್ಟ್ರೇ. ನನ್ನ ಮೂರು ಬೆರಳುಗಳು ಎಲ್ಲಿ, ಏಕೆ ಹೋದವೆಂಬುದು ಒಂದು ಕಡತದಲ್ಲಿ ನನ್ನ ಮಾತಿನಲ್ಲಿಯೇ ಸೇರಿತು. ಇಷ್ಟು ದಿನ ಅದೂ ಇರಲಿಲ್ಲ.”

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಕೃತಜ್ಞತೆ ಇಲ್ಲದವರಾಗಿರಲಿಲ್ಲ. ಕನ್ನಡ ನಾಡಿನ ಊರೂರುಗಳಲ್ಲಿ ನಿಂತಿರುವ ವೀರಗಲ್ಲುಗಳನ್ನು ವಾಚಕರು ನೋಡಿಯೇ ಇರುತ್ತಾರೆ. ಕಾಳಗದಲ್ಲಿ ಮಡಿದವನ ಮನೆತನಕ್ಕೆ ಕೊಡುತ್ತಿದ್ದ ಭೂಮಿಗೆ ‘ನೆತ್ತರುಗೊಡಗೆ’ ಎಂಬ ಹೆಸರಿತ್ತು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ, ಹತ್ತನೆಯ ಶತಮಾನದ ಆತಕೂರಿನ ಶಾಸನವು ಇನ್ನೂ ಸ್ವಾರಸ್ಯವಾದ ಸಂಗತಿಯನ್ನು ಹೇಳುತ್ತದೆ. ತಕ್ಕೋಲದ ಯುದ್ಧದಲ್ಲಿ ಕಾದಿದ ಮಣಲೆರನೆಂಬ ವೀರನಿಗೆ ಮೆಚ್ಚಿದ ಒಡೆಯನು, ಬೇಕಾದುದನ್ನು ಕೇಳಿಕೋ ಎಂದನಂತೆ. ಅವನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲು ನಿಲ್ಲಿಸಿದರು. ಹಂದಿಯೊಡನೆ ಕಾದಿದ ನಾಯಿಯನ್ನೂ ನೆನೆದ ನಾಡು ಹಿಮದೊಡನೆ ಕಾದಿದ ಮನುಷ್ಯನನ್ನು ಮರೆಯಬಾರದು. ಅಲ್ಲಿ ಒಡೆಯನೇ ಮುಂದಾಗಿ ‘ಕೇಳು’ ಎಂದುದು ಇನ್ನೂ ದೊಡ್ಡ ಮಾತು. ಕೇಳುವ ಭಾರವನ್ನು ಗಾಯಗೊಂಡವನ ಮೇಲೆಯೇ ಹೊರಿಸದಿರುವುದು ಉತ್ತಮರ ಲಕ್ಷಣ.

ಕೊನೆಯದಾಗಿ ಗೃಹಸ್ಥರಿಗೆ ಎರಡು ಮಾತು. ತಮ್ಮ ಮನೆಯಲ್ಲಿ ಸೈನ್ಯದಿಂದ ಬಂದವರಿದ್ದರೆ ಅವರ ಬಿಡುಗಡೆಯ ಪುಸ್ತಕ, ಪಿಂಚಣಿಯ ಆದೇಶ, ವೈದ್ಯಮಂಡಲಿಯ ವರದಿ, ಆಸ್ಪತ್ರೆಯ ಚೀಟಿ ಇವುಗಳ ನಕಲುಗಳನ್ನು ತೆಗೆದು ಬೇರೆ ಬೇರೆ ಕಡೆಗಳಲ್ಲಿ ಇಡತಕ್ಕದ್ದು. ಸಂಗಡಿಗರ ಹೆಸರು, ಸ್ಥಳ, ದಿನಾಂಕಗಳನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳತಕ್ಕದ್ದು. ಪದಕ ಬೇರೆ, ಅಂಗವೈಕಲ್ಯದ ಪಿಂಚಣಿ ಬೇರೆ. ಒಂದು ಸಲ್ಲದಿದ್ದರೂ ಮತ್ತೊಂದು ಸಲ್ಲಬಹುದು. ಸೇನೆಗೆ ಸೇರುವಾಗ ಇಲ್ಲದಿದ್ದ ಊನವು ಬಿಡುಗಡೆಯ ವೇಳೆಗೆ ಇದ್ದರೆ, ಅದು ಸೇವೆಯಿಂದ ಬಂದುದಲ್ಲವೆಂದು ರುಜುವಾತುಪಡಿಸುವ ಭಾರವು ಯೋಧನದಲ್ಲವೆಂದೂ, ಸಂದೇಹದ ಲಾಭವು ಅವನಿಗೇ ಸಲ್ಲಬೇಕೆಂದೂ ನಮ್ಮ ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ತೀರ್ಪಿತ್ತಿದೆ. ಇದನ್ನು ಅನೇಕರು ಅರಿಯರು.

ಮೊನ್ನೆ ಸಂಜೆ ಹವಾಲ್ದಾರರ ಮನೆಗೆ ಹೋಗಿದ್ದೆನು. ದೂರದ ಊರಿನಿಂದ ಇಬ್ಬರು ಅತಿಥಿಗಳು ಬಂದಿದ್ದರು. ಇಬ್ಬರಿಗೂ ತಲೆ ನರೆತಿತ್ತು. ಯಾರೆಂದು ನಾನು ಕೇಳುವ ಮೊದಲೇ ಅವರಲ್ಲೊಬ್ಬರು ಎದ್ದು ಹವಾಲ್ದಾರರ ಪಾದರಕ್ಷೆಯನ್ನು ತಂದು, ಅವರು ಬೇಡವೆಂದರೂ ಕೇಳದೆ, ಎಡಗಾಲಿನ ಬಳಿ ಸರಿಯಾಗಿ ಇಟ್ಟರು. ನಾನು ಇನ್ನೇನನ್ನೂ ಕೇಳಲಿಲ್ಲ.