ಪಾದರಸಕ್ಕೆ ಗಂಧಕದ ಬಲೆ

ಜಪಾನಿನ ಕ್ಯೂಷೂ ದ್ವೀಪದ ಪಶ್ಚಿಮ ತೀರದಲ್ಲಿ ಮಿನಮಾಟ ಎಂಬ ಊರಿದೆ. 1950ರ ದಶಕದಲ್ಲಿ ಅಲ್ಲಿಯ ಬೆಸ್ತರ ಕೇರಿಗಳಲ್ಲಿ, ಮೀನು ತಿಂದು ಬೆಳೆದ ಬೆಕ್ಕುಗಳು ಹುಚ್ಚೆದ್ದಂತೆ ಗಿರಗಿರನೆ ಸುತ್ತಿ, ಕುಣಿದು ಸಾಯತೊಡಗಿದುವು. ಬಳಿಕ ಮನುಷ್ಯರ ಸರದಿ ಬಂದಿತು. ಕೈಕಾಲು ನಡುಗಿ, ಮಾತು ತೊದಲುವ ಮಕ್ಕಳನ್ನು ತಾಯಂದಿರು ಚಿಸ್ಸೊ ರಾಸಾಯನಿಕ ಕಾರ್ಖಾನೆಯ ಆಸ್ಪತ್ರೆಗೆ ಹೊತ್ತು ತಂದರು. ಅಲ್ಲಿಯ ಮುಖ್ಯ ವೈದ್ಯರಾದ ಹಜಿಮೆ ಹೊಸೊಕಾವ ಅವರ ಆಸ್ಪತ್ರೆಯಿಂದ 1956ರ ಮೇ 1ರಂದು ಈ ಅಜ್ಞಾತ ರೋಗದ ಸುದ್ದಿ ಆರೋಗ್ಯಾಧಿಕಾರಿಗಳಿಗೆ ಮುಟ್ಟಿತು.

ರೋಗದ ಮೂಲ ಅದೇ ಕಾರ್ಖಾನೆಯ ಕೊಳೆನೀರಿನಲ್ಲಿತ್ತು. ಅಸಿಟಾಲ್ಡಿಹೈಡ್ ತಯಾರಿಸಲು ಬಳಸುತ್ತಿದ್ದ ಪಾದರಸದ ಒಂದಂಶ ಮಿಥೈಲ್ ಪಾದರಸವೆಂಬ ಘೋರ ವಿಷವಾಗಿ ಮಾರ್ಪಟ್ಟು, ಕೊಲ್ಲಿಗೆ ಹರಿದು, ಮೀನುಗಳ ಮೈಸೇರಿ ಊಟದ ತಟ್ಟೆಗೆ ಬರುತ್ತಿತ್ತು. 1959ರಲ್ಲಿ ಹೊಸೊಕಾವ ಅವರು ಆ ನೀರನ್ನೇ ಒಂದು ಬೆಕ್ಕಿಗೆ ಉಣಿಸಿ ನೋಡಿದರು. ಅದಕ್ಕೂ ಅದೇ ರೋಗ ತಗಲಿತು. ಆದರೆ ಕಂಪನಿ ಆ ವಿಷಯವನ್ನು ಹೊರಗೆಡಹಲಿಲ್ಲ.

ತಿಳಿನೀರಿನ ಮೋಸ

ಅದೇ ವರ್ಷದ ಡಿಸೆಂಬರಿನಲ್ಲಿ ಸೈಕ್ಲೇಟರ್ ಎಂಬ ಶುದ್ಧೀಕರಣ ಯಂತ್ರದ ಉದ್ಘಾಟನೆ ಸಡಗರದಿಂದ ನಡೆಯಿತು. ಕಂಪನಿಯ ಅಧ್ಯಕ್ಷರು, ಶುದ್ಧವಾದ ನೀರೆಂದು ಒಂದು ಲೋಟ ನೀರನ್ನು ಕುಡಿದೇ ತೋರಿಸಿದರು. ವಿಷದ ಮೂಲವಾದ ಅಸಿಟಾಲ್ಡಿಹೈಡ್ ವಿಭಾಗದ ನೀರನ್ನು ಅಂದು ಆ ಯಂತ್ರದೊಳಗೆ ಹಾಯಿಸಿಯೇ ಇರಲಿಲ್ಲವೆಂಬುದು ಮುಂದೆ ಬಯಲಾಯಿತು. ಹಾಯಿಸಿದ್ದರೂ ಫಲವಿರಲಿಲ್ಲ. ಅದು ತೇಲುವ ಕಶ್ಮಲವನ್ನು ತಳಕ್ಕಿಳಿಸುವ ಯಂತ್ರವೇ ಹೊರತು, ಕರಗಿದ ಮಿಥೈಲ್ ಪಾದರಸವನ್ನು ಹಿಡಿಯುವುದಕ್ಕಾಗಿ ಮಾಡಿದುದಲ್ಲ. ಆ ತಯಾರಿಕೆ ನಿಂತುದು 1968ರಲ್ಲಿ.

ಹಾಗಾದರೆ ಕರಗಿದ ವಿಷವನ್ನು ಹಿಡಿಯುವುದು ಹೇಗೆ? ನೀರು ಸೋಸಲು ಇದ್ದಲನ್ನು ಬಳಸುವುದು ಹಳೆಯ ರೂಢಿ. ಸ್ಪಂಜು ನೀರನ್ನು ಒಡಲೊಳಗೆ ಹೀರಿದರೆ, ಇದ್ದಲು ಕಶ್ಮಲವನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಇದಕ್ಕೆ ಅಧಿಶೋಷಣೆಯೆಂದು ಹೆಸರು. ಹದಗೊಳಿಸಿದ ಒಂದು ಗ್ರಾಂ ಇದ್ದಲಿನ ಸೂಕ್ಷ್ಮ ರಂಧ್ರಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ನೂರಾರು ಚದರ ಮೀಟರುಗಳಾದೀತು! ಆದರೆ ಕೊಳೆನೀರಿನಲ್ಲಿ ಪಾದರಸ ಅತ್ಯಲ್ಪ. ಸೋಡಿಯಂ, ಕ್ಯಾಲ್ಸಿಯಂ ಮುಂತಾದ ಸಾಧು ಲೋಹಗಳ ಲವಣಗಳು ಅಪಾರ. ಮದುವೆಯ ಮನೆಯಲ್ಲಿ ಕಂಡಕಂಡವರು ಪಂಕ್ತಿಗೆ ನುಗ್ಗಿದರೆ ಬೀಗರಿಗೆ ಎಲೆ ದೊರೆಯದು. ಅಂತೆಯೇ ಎಲ್ಲವನ್ನೂ ಅಂಟಿಸಿಕೊಳ್ಳುವ ವಸ್ತುವಿನಲ್ಲಿ ಪಾದರಸಕ್ಕೆ ಸ್ಥಳ ಉಳಿಯದು. ಬೇಕಾದುದು ಪಾದರಸವನ್ನೇ ಆಯ್ದು ಹಿಡಿಯುವ ವಸ್ತು.

ಹಳೆಯ ನಂಟು

ಪಾದರಸಕ್ಕೂ ಗಂಧಕಕ್ಕೂ ಇರುವ ನಂಟು ಭಾರತದ ರಸವೈದ್ಯರಿಗೆ ಹೊಸದಲ್ಲ. ಎರಡನ್ನೂ ಕಲ್ವದಲ್ಲಿ ಅರೆದು ಕಪ್ಪು ಕಜ್ಜಲಿಯನ್ನು ಅವರು ಮಾಡುತ್ತ ಬಂದವರು. 1830ರ ದಶಕದಲ್ಲಿ ಡೆನ್ಮಾರ್ಕಿನ ವಿಲಿಯಂ ಝೈಸೆ, ಗಂಧಕ-ಜಲಜನಕಗಳ ಜೋಡಿಯುಳ್ಳ ಸಂಯುಕ್ತಗಳಿಗೆ ‘ಮರ್ಕ್ಯಾಪ್ಟನ್’ ಎಂದು ಹೆಸರಿಟ್ಟನು. ಪಾದರಸವನ್ನು ಹಿಡಿಯುವಂಥದು ಎಂದೇ ಆ ಲ್ಯಾಟಿನ್ ಮೂಲದ ಮಾತಿನ ಅರ್ಥ. ದೇಹವನ್ನು ಹೊಕ್ಕ ಪಾದರಸ ಪ್ರೋಟೀನುಗಳನ್ನು ಕಚ್ಚಿ ಹಿಡಿದು ಕೆಡಿಸುವುದೂ ಇದೇ ಜೋಡಿಯ ಮೂಲಕ.

ಕೊಲ್ಲುವ ಈ ನಂಟನ್ನೇ ವಿಜ್ಞಾನಿಗಳು ಕಾಯುವ ನಂಟಾಗಿ ತಿರುಗಿಸಿದರು. ಗಂಧಕ ಬೆರೆತ ಇದ್ದಲು, ಗಂಧಕದ ಜೋಡಿಯನ್ನು ಹೊಂದಿದ ರಾಳಗಳು ಹೀಗೆ ಬಳಕೆಗೆ ಬಂದುವು. 1997ರಲ್ಲಿ ಅಮೆರಿಕದ ಪೆಸಿಫಿಕ್ ನಾರ್ತ್‌ವೆಸ್ಟ್ ರಾಷ್ಟ್ರೀಯ ಪ್ರಯೋಗಾಲಯದ ವಿಜ್ಞಾನಿಗಳು, ಜೇನುಗೂಡಿನಂತೆ ರಂಧ್ರಗಳುಳ್ಳ ಸಿಲಿಕಾದ ಒಳಗೋಡೆಗಳಿಗೆ ಈ ಸಂಯುಕ್ತದ ಒಂದೇ ಪದರವನ್ನು ಹೊದಿಸಿದ ವಸ್ತುವನ್ನು ಪ್ರಕಟಿಸಿದರು. ಸೋಡಿಯಂನಂಥವು ಅದಕ್ಕೆ ಅಡ್ಡಿಯಾಗಲಿಲ್ಲ, ಪಾದರಸ ಸಿಕ್ಕಿಬಿದ್ದಿತು. ತೀವ್ರ ಆಮ್ಲದಲ್ಲಿ ತೊಳೆದರೆ ಅದನ್ನು ಮತ್ತೆ ಬಳಸಬಹುದು.

ಹಿಡಿದ ಮಾತ್ರಕ್ಕೆ ಪಾದರಸ ನಾಶವಾಗದು, ಅದು ಮೂಲವಸ್ತು. ಅದನ್ನು ಭದ್ರವಾಗಿ ಕಾದಿಡಲೇಬೇಕು. ಆದರೂ ಕೊಳವೆಯ ಬಾಯಲ್ಲಿ ಹಿಡಿಯುವುದಕ್ಕೂ ಕಡಲಿನಲ್ಲಿ ಹುಡುಕುವುದಕ್ಕೂ ಇರುವ ಅಂತರವೇನೆಂಬುದಕ್ಕೆ ಮಿನಮಾಟವೇ ಸಾಕ್ಷಿ. 1977ರಿಂದ 1990ರವರೆಗೆ ಅಲ್ಲಿಯ ಕೊಲ್ಲಿಯ ವಿಷದ ಕೆಸರನ್ನೆತ್ತಿ, 58 ಹೆಕ್ಟೇರುಗಳಷ್ಟು ಕಡಲನ್ನೇ ತುಂಬಿ ಮುಚ್ಚಬೇಕಾಯಿತು. ತಗಲಿದ ವೆಚ್ಚ ಸುಮಾರು 4,850 ಕೋಟಿ ಯೆನ್. ರೋಗಿಗಳೆಂದು ಅಧಿಕೃತವಾಗಿ ಅಂಗೀಕರಿಸಲ್ಪಟ್ಟ 2,200ಕ್ಕೂ ಹೆಚ್ಚು ಮಂದಿಯ ಆರೋಗ್ಯವನ್ನು ಮಾತ್ರ ಯಾವ ಯೆನ್ನೂ ಮರಳಿ ತರಲಿಲ್ಲ.