ಸ್ಪೀಡ್ ಸಿಗುತ್ತೆ ಅಂತ ಇಂಟರ್‌ನೆಟ್ ಕಂಪನಿ ಬದಲಿಸಿದ್ರು, ಇದ್ದ ಸ್ಪೀಡೂ ಹೋಯ್ತು! ತೊಂದರೆ ಎಲ್ಲಿದೆ ಅಂತ ಕಂಡುಹಿಡಿಯೋದು ಹೇಗೆ?

ಶಿವಮೊಗ್ಗ: ಗೋಪಾಳದ ಒಂದು ಮನೆ. ಮಗಳು ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ ಮಾಡ್ತಾಳೆ. ಮನೆಗೆ 100 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇತ್ತು. ಜೋರು ಮಳೆ ಬಂದಾಗ ಆಗೊಮ್ಮೆ ಈಗೊಮ್ಮೆ ಕಟ್ ಆಗೋದು ಬಿಟ್ರೆ ದೊಡ್ಡ ತೊಂದರೆ ಇರಲಿಲ್ಲ. ಅಷ್ಟರಲ್ಲಿ ಇನ್ನೊಂದು ಕಂಪನಿಯವರು ಮನೆ ಬಾಗಿಲಿಗೆ ಬಂದು, ಅದಕ್ಕಿಂತ ಕಡಿಮೆ ದುಡ್ಡಿಗೆ 200 ಎಂಬಿಪಿಎಸ್ ಕೊಡ್ತೀವಿ, 6 ತಿಂಗಳದ್ದು ಒಟ್ಟಿಗೆ ಕಟ್ಟಿದ್ರೆ ಇನ್‌ಸ್ಟಾಲೇಷನ್ ಫ್ರೀ ಅಂದ್ರು. ಅಪ್ಪ ದುಡ್ಡು ಕಟ್ಟಿದ್ರು. ಹಳೇ ಕಂಪನಿಯ ಬಾಕ್ಸ್ ವಾಪಸ್ ಹೋಯ್ತು.

ಮರುದಿನದಿಂದಲೇ ಮಗಳ ಮೀಟಿಂಗ್ ನಿಂತು ನಿಂತು ಹೋಗೋಕೆ ಶುರುವಾಯ್ತು. ಮಾತು ಅರ್ಧಕ್ಕೆ ಕಟ್, ಮುಖ ಸ್ಕ್ರೀನ್ ಮೇಲೆ ಫ್ರೀಜ್. ಎರಡು ವಾರ ಸಹಿಸಿಕೊಂಡ ಮ್ಯಾನೇಜರ್, ‘ಅಲ್ಲಿ ನೆಟ್ ಸರಿ ಇಲ್ಲ ಅಂದ್ರೆ ಆಫೀಸಿಗೇ ಬಂದುಬಿಡಿ’ ಅಂದ್ರು. ಬೆಂಗಳೂರಿಗೆ ಹೋದರೆ ಪಿಜಿ ಬಾಡಿಗೆ, ಊಟ, ಓಡಾಟ ಎಲ್ಲ ಖರ್ಚು. ಅದೂ ಹೋಗಲಿ, ವಾರಕ್ಕೆರಡು ಸಲ ಅಮ್ಮನನ್ನು ಡಯಾಲಿಸಿಸ್‌ಗೆ ಕರ್ಕೊಂಡು ಹೋಗೋದು ಇದೇ ಮಗಳು.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ರೆ, ‘ನಮ್ಮ ಕಡೆಯಿಂದ 200 ಬರ್ತಿದೆ ಸರ್’ ಅನ್ನೋ ಒಂದೇ ಉತ್ತರ. ಲೈನ್ ಹುಡುಗ ಬಂದು ಹಾಲ್‌ನಲ್ಲಿ ನಿಂತು ಮೊಬೈಲ್‌ನಲ್ಲಿ ಟೆಸ್ಟ್ ಮಾಡಿದ. 180 ತೋರಿಸ್ತು. ‘ನೋಡಿ ಅಂಕಲ್, ಸರಿಯಾಗೇ ಇದೆ’ ಅಂತ ಹೇಳಿ ಹೋದ. ಮಗಳು ತನ್ನ ರೂಮಿನಲ್ಲಿ ಕೂತು ಟೆಸ್ಟ್ ಮಾಡಿದಾಗ ಬಂದಿದ್ದು 9.

ಇಬ್ಬರೂ ಸುಳ್ಳು ಹೇಳಿಲ್ಲ. ಅಳತೆ ಮಾಡಿದ ಜಾಗ ಬೇರೆ ಬೇರೆ, ಅಷ್ಟೇ. ಕಂಪನಿ ಬದಲಿಸಿದ ಮೇಲೆ ಸ್ಪೀಡ್ ಬಿತ್ತು ಅನ್ನೋ ಎಷ್ಟೋ ದೂರುಗಳು ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

ನಲ್ಲಿ, ಪೈಪು, ಟ್ಯಾಂಕು

ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರ್ತಿದೆ ಅಂದ್ಕೊಳ್ಳಿ. ತೊಂದರೆ ನಲ್ಲಿಯಲ್ಲೇ ಇರಬಹುದು, ರಸ್ತೆಯಿಂದ ಮನೆಗೆ ಬರೋ ಪೈಪಿನಲ್ಲಿ ಇರಬಹುದು, ಅಥವಾ ಟ್ಯಾಂಕಿಗೇ ನೀರು ಕಡಿಮೆ ಬರ್ತಿರಬಹುದು. ಇಂಟರ್‌ನೆಟ್ಟಿಗೂ ಹೀಗೇ ಮೂರು ಭಾಗ. ಮೊದಲನೆಯದು ಬಾಕ್ಸ್‌ನಿಂದ ನಿಮ್ಮ ಮೊಬೈಲ್ ತನಕದ ವೈಫೈ. ಎರಡನೆಯದು ಬಾಕ್ಸ್‌ನಿಂದ ಕಂಪನಿಯ ಕೇಂದ್ರದ ತನಕದ ಫೈಬರ್ ಲೈನ್. ಮೂರನೆಯದು ಅಲ್ಲಿಂದ ಆಚೆಗೆ, ನೀವು ನೋಡೋ ವೆಬ್‌ಸೈಟ್ ಅಥವಾ ಆಫೀಸ್ ಸರ್ವರ್ ತನಕದ ದಾರಿ.

ಯಾವ ಭಾಗ ಕೆಟ್ಟಿದೆ ಅಂತ ತಿಳಿಯದೆ 200ರ ಪ್ಲಾನ್ ಬಿಟ್ಟು 300ಕ್ಕೆ ಹೋದ್ರೆ, ನಲ್ಲಿ ಕಟ್ಟಿಕೊಂಡಾಗ ದೊಡ್ಡ ಟ್ಯಾಂಕ್ ಕಟ್ಟಿಸಿದ ಹಾಗೆ. ದುಡ್ಡು ಹೋಗುತ್ತೆ, ನೀರು ಬರಲ್ಲ.

ಇನ್ನೊಂದು ಲೆಕ್ಕ ಗೊತ್ತಿರಲಿ. ಎಂಬಿಪಿಎಸ್ ಅನ್ನೋದು ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನೋ ಅಳತೆ. ನಾವು ಡೌನ್‌ಲೋಡ್ ಮಾಡೋ ಫೈಲ್ ಇರೋದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದ್ರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್ ಪ್ಲಾನ್‌ನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ ಇಳಿಯುತ್ತೆ. ‘100 ಅಂದ್ರು, 12 ಬರ್ತಿದೆ’ ಅಂತ ಜಗಳಕ್ಕೆ ಹೋಗೋ ಮುಂಚೆ ಇದನ್ನು ನೋಡ್ಕೊಳ್ಳಿ.

ಮೊದಲ ಅನುಮಾನ ಮನೆಯೊಳಗೇ ಇರಲಿ

ಕಂಪನಿ ಬದಲಾದಾಗ ವೈರ್ ಒಂದೇ ಬದಲಾಗಲ್ಲ, ಬಾಕ್ಸೂ ಬದಲಾಗುತ್ತೆ. ಎಷ್ಟೋ ಸಲ ಬಾಕ್ಸ್ ಇಡೋ ಜಾಗವೂ ಬದಲಾಗುತ್ತೆ. ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ.

ವೈಫೈಯಲ್ಲಿ ಸಾಮಾನ್ಯವಾಗಿ ಎರಡು ಬ್ಯಾಂಡ್ ಇರ್ತವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತೆ, ಗೋಡೆ ದಾಟುತ್ತೆ, ಆದರೆ ನಿಧಾನ. ಅದರಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್‌ಗಳು 1, 6, 11 ಅಂತ ಮೂರೇ. ಅಕ್ಕಪಕ್ಕದ ಮನೆಗಳ ವೈಫೈಯೆಲ್ಲ ಇವೇ ಮೂರರಲ್ಲಿ ನೂಕಾಡುತ್ತಿರುತ್ತವೆ. 5 ಗಿಗಾಹರ್ಟ್ಸ್ ವೇಗ ಜಾಸ್ತಿ, ಆದರೆ ಒಂದೆರಡು ಗೋಡೆ ಅಡ್ಡ ಬಂದರೆ ಸೋತುಹೋಗುತ್ತೆ. ಮಲೆನಾಡಿನ ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ, ಆರ್‌ಸಿಸಿ ಸ್ಲ್ಯಾಬ್ ಇವೆಲ್ಲ ಅದಕ್ಕೆ ದೊಡ್ಡ ಅಡ್ಡಿ. ಬಾಕ್ಸನ್ನು ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ ಇಟ್ಟರೆ ಇನ್ನೂ ಕಷ್ಟ.

ಹಳೇ ಕಂಪನಿ ಎರಡೂ ಬ್ಯಾಂಡ್ ಇರೋ ಬಾಕ್ಸ್ ಕೊಟ್ಟು, ಹೊಸಬರು 2.4 ಮಾತ್ರ ಇರೋದನ್ನು ಕೊಟ್ಟಿದ್ರೆ, ಪ್ಲಾನ್ ಡಬಲ್ ಆದ್ರೂ ಕೈಗೆ ಸಿಗೋ ಸ್ಪೀಡ್ ಇಳಿದೇ ಇಳಿಯುತ್ತೆ. ಲ್ಯಾನ್ ಪೋರ್ಟ್ ಕೂಡ ನೋಡಿ. ಕೆಲವು ಬಾಕ್ಸ್‌ಗಳ ಪೋರ್ಟ್ 100 ಎಂಬಿಪಿಎಸ್‌ಗೇ ಸೀಮಿತ. ಅಂಥದ್ದಕ್ಕೆ ಕೇಬಲ್ ಹಾಕಿ ಟೆಸ್ಟ್ ಮಾಡಿದರೆ 94-95ರ ಆಸುಪಾಸು ಬಂದು ನಿಂತುಬಿಡುತ್ತೆ. ನಿಮ್ಮ ಪ್ಲಾನ್ 200 ಇರಲಿ, 500 ಇರಲಿ, ಅಷ್ಟೇ. ಹಳೇ ಲ್ಯಾನ್ ಕೇಬಲ್ ಒಳಗಿನ ಒಂದು ಎಳೆ ಕಟ್ ಆಗಿದ್ದರೂ ಇದೇ ಕಥೆ.

ರಾತ್ರಿ ಮಾತ್ರ ಸ್ಲೋ ಆಗ್ತಿದೆಯಾ?

ಬೆಳಗ್ಗೆ ಚೆನ್ನಾಗಿದ್ದು ರಾತ್ರಿ 8ರಿಂದ 11ರ ತನಕ ತೆವಳುತ್ತಿದ್ದರೆ ಎರಡನೇ ಭಾಗದ ಮೇಲೆ ಅನುಮಾನ ಪಡಬೇಕು.

ನಿಮ್ಮ ಮನೆಗೆ ಅಂತ ಕೇಂದ್ರದಿಂದ ಪ್ರತ್ಯೇಕ ಫೈಬರ್ ಬರಲ್ಲ. ನಮ್ಮ ಕಡೆ ಹೆಚ್ಚಾಗಿ ಬಳಸೋ ಜಿಪಾನ್ ತಂತ್ರಜ್ಞಾನದಲ್ಲಿ, ಒಂದು ಫೈಬರ್ ಬೀದಿಗೆ ಬಂದು ಸ್ಪ್ಲಿಟರ್ ಅನ್ನೋ ಸಣ್ಣ ಡಬ್ಬಿಯಲ್ಲಿ 32 ಅಥವಾ 64 ಮನೆಗಳಿಗೆ ಹಂಚಿಹೋಗುತ್ತೆ. ಆ ಒಂದು ಫೈಬರಿನ ಒಟ್ಟು ಡೌನ್‌ಲೋಡ್ ಸಾಮರ್ಥ್ಯ ಸುಮಾರು 2.5 ಜಿಬಿಪಿಎಸ್, ಅಂದ್ರೆ 2,500 ಎಂಬಿಪಿಎಸ್. 64 ಮನೆಗಳಿಗೆ 200ರ ಪ್ಲಾನ್ ಮಾರಿದ್ರೆ ಲೆಕ್ಕ 12,800 ಆಗುತ್ತೆ. ಇರೋದಕ್ಕಿಂತ ಐದು ಪಟ್ಟು!

ಇದನ್ನು ಮೋಸ ಅನ್ನೋ ಹಾಗಿಲ್ಲ. ಎಲ್ಲರೂ ಒಂದೇ ಗಳಿಗೆಯಲ್ಲಿ ಪೂರ್ತಿ ಸ್ಪೀಡ್ ಎಳೆಯಲ್ಲ ಅನ್ನೋ ನಂಬಿಕೆಯ ಮೇಲೇ ಇಡೀ ವ್ಯವಸ್ಥೆ ನಡೆಯೋದು. ಆದರೆ ಊರಿಂದ ಆಚೆಗೆ ಹೋಗೋ ಲೈನಿನ ಸಾಮರ್ಥ್ಯವನ್ನು ಆಪರೇಟರ್ ಕಡಿಮೆ ತಗೊಂಡು ಗಿರಾಕಿಗಳನ್ನು ಮಾತ್ರ ಸೇರಿಸ್ತಾ ಹೋದ್ರೆ, ಊಟ ಮುಗಿಸಿ ಎಲ್ಲರೂ ಸೀರಿಯಲ್, ಕ್ರಿಕೆಟ್, ರೀಲ್ಸ್ ಹಾಕೋ ಹೊತ್ತಿಗೆ ದಾರಿ ಜಾಮ್ ಆಗುತ್ತೆ. ದೊಡ್ಡ ಬ್ರಾಂಡ್ ಹೆಸರಿದ್ದರೂ ಬೀದಿಯಲ್ಲಿ ಲೈನ್ ನೋಡ್ಕೊಳ್ಳೋದು ಎಷ್ಟೋ ಕಡೆ ಸ್ಥಳೀಯ ಕೇಬಲ್ ಆಪರೇಟರ್. ಹಾಗಾಗಿ ಒಂದೇ ಕಂಪನಿ ಒಂದು ಬಡಾವಣೆಯಲ್ಲಿ ಸೂಪರ್, ಪಕ್ಕದ ಬಡಾವಣೆಯಲ್ಲಿ ಸುಮಾರು.

ಲೈನೇ ಹಾಳಾಗಿರೋದೂ ಉಂಟು. ಫೈಬರ್ ಒಳಗಿರೋದು ಕೂದಲಿನಷ್ಟು ತೆಳು ಗಾಜು. ಕಿಟಕಿ ಸಂದಿಯಲ್ಲಿ ಚೂಪಾಗಿ ಮಡಚಿದ್ರೆ, ಕನೆಕ್ಟರ್ ತುದಿಯಲ್ಲಿ ಧೂಳು ಕೂತಿದ್ರೆ, ಜಾಯಿಂಟ್ ಸರಿ ಇಲ್ಲದಿದ್ರೆ ಬೆಳಕು ಸೋರುತ್ತೆ. ಲೈನ್ ಹುಡುಗನ ಹತ್ತಿರ ಪವರ್ ಮೀಟರ್ ಇರುತ್ತೆ. ‘ಡಿಬಿಎಂ ಎಷ್ಟಿದೆ?’ ಅಂತ ಕೇಳಿ. ಮೈನಸ್ 20ರ ಆಸುಪಾಸು ಇದ್ರೆ ನೆಮ್ಮದಿ. ಮೈನಸ್ 27 ದಾಟಿದ್ರೆ ಲೈನ್ ಆಗಾಗ ಬಿದ್ದು ಏಳುತ್ತಿರುತ್ತೆ. ಬಾಕ್ಸ್‌ನಲ್ಲಿ ಕೆಂಪು ದೀಪ ಹತ್ತಿದ್ರೆ ಬೆಳಕು ಬರ್ತಾನೇ ಇಲ್ಲ ಅಂತ ಅರ್ಥ.

ಸ್ಪೀಡ್ ಟೆಸ್ಟ್ 200, ಆಫೀಸ್ ಕೆಲಸ ಮಾತ್ರ ನಿಧಾನ

ಇದು ಮೂರನೇ ಭಾಗದ ಕಾಯಿಲೆ. ಸ್ಪೀಡ್ ಟೆಸ್ಟ್ ಆ್ಯಪ್‌ಗಳು ಸಾಮಾನ್ಯವಾಗಿ ಹತ್ತಿರದ ಸರ್ವರ್ ಆರಿಸಿಕೊಳ್ಳುತ್ತವೆ. ಅದು ನಿಮ್ಮ ಕಂಪನಿಯ ಸರ್ವರೇ ಆಗಿರಬಹುದು. ಆಗ ಅಳತೆ ಆಗೋದು ಅಲ್ಲಿ ತನಕ ಮಾತ್ರ. ಆ್ಯಪ್‌ನಲ್ಲಿ ಸರ್ವರ್ ಬದಲಿಸಿ ಬೆಂಗಳೂರು, ಚೆನ್ನೈ, ಮುಂಬೈ ಆರಿಸಿ ನೋಡಿ. ಫಾಸ್ಟ್ ಡಾಟ್ ಕಾಂ ಅನ್ನೋದು ನೆಟ್‌ಫ್ಲಿಕ್ಸ್ ಸರ್ವರ್‌ಗಳಿಂದ ಅಳೆಯುತ್ತೆ, ಅದನ್ನೂ ನೋಡಿ.

ಯೂಟ್ಯೂಬ್ ಸಲೀಸಾಗಿ ಓಡೋದನ್ನು ನೋಡಿ ಎಲ್ಲ ಸರಿ ಇದೆ ಅಂದ್ಕೋಬೇಡಿ. ಗೂಗಲ್, ನೆಟ್‌ಫ್ಲಿಕ್ಸ್‌ನಂಥವರು ಹೆಚ್ಚು ಜನ ನೋಡೋ ವಿಡಿಯೊಗಳ ಪ್ರತಿಯನ್ನು ಇಂಟರ್‌ನೆಟ್ ಕಂಪನಿಗಳ ಜಾಲದೊಳಗೇ ಇಟ್ಟಿರ್ತಾರೆ. ಆಫೀಸ್ ವಿಪಿಎನ್‌ಗೆ ಆ ಸೌಕರ್ಯ ಇಲ್ಲ.

ವಿಡಿಯೊ ಮೀಟಿಂಗ್‌ಗೆ ನಿಜವಾಗಿ ಬೇಕಾಗೋದು 3-4 ಎಂಬಿಪಿಎಸ್ ಮಾತ್ರ. ಅದಕ್ಕೆ ಮುಖ್ಯ ಆಗೋದು ಎಡೆಬಿಡದ ಲೈನ್. ಟೆಸ್ಟ್‌ನಲ್ಲಿ ಪಿಂಗ್ ಅನ್ನೋ ಅಂಕಿ ಒಂದು ಸಲ 15, ಇನ್ನೊಂದು ಸಲ 300 ಅಂತ ಕುಣಿಯುತ್ತಿದ್ದರೆ 500ರ ಪ್ಲಾನ್ ಹಾಕಿಸಿದ್ರೂ ಮಾತು ಕಟ್ ಆಗುತ್ತೆ.

ತಿಂಗಳ ಕೊನೆಯಲ್ಲಿ ಬಿದ್ರೆ?

ಆಗ ಬಿಲ್ ತೆಗೆದು ನೋಡಿ. ‘ಅನ್‌ಲಿಮಿಟೆಡ್’ ಅಂತ ಬರೆದಿದ್ರೂ ಇಷ್ಟು ಜಿಬಿ ಆದ ಮೇಲೆ ಸ್ಪೀಡ್ ಇಳಿಸೋ ನಿಯಮ ಇರುತ್ತೆ. ಮಿತಿ ಎಷ್ಟು, ಮಿತಿ ತನಕ ಸ್ಪೀಡ್ ಎಷ್ಟು, ಆಮೇಲೆ ಎಷ್ಟು ಅನ್ನೋದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಬೇಕು ಅಂತ ಟ್ರಾಯ್ 2016ರಲ್ಲೇ ಕಂಪನಿಗಳಿಗೆ ಸೂಚಿಸಿದೆ. ಬಳಕೆ ಮಿತಿಯ ಹತ್ತಿರ ಬಂದಾಗ ಮೆಸೇಜ್ ಕೂಡ ಕಳಿಸಬೇಕು. ಕಂಪನಿಗೆ ಹಳೇ ನಂಬರ್ ಕೊಟ್ಟಿದ್ರೆ ಆ ಮೆಸೇಜ್ ನಿಮಗೆ ಬರಲ್ಲ.

ಹೀಗೆ ಟೆಸ್ಟ್ ಮಾಡಿ

1. ಲ್ಯಾಪ್‌ಟಾಪ್‌ಗೆ ಬಾಕ್ಸ್‌ನಿಂದ ನೇರ ಲ್ಯಾನ್ ಕೇಬಲ್ ಹಾಕಿ. ಮೊಬೈಲ್, ಟಿವಿಗಳ ವೈಫೈ ಆಫ್ ಮಾಡಿ.
2. ಬೆಳಗ್ಗೆ 7ಕ್ಕೆ, ಮಧ್ಯಾಹ್ನ, ರಾತ್ರಿ 9ಕ್ಕೆ, ಹೀಗೆ ಮೂರು ದಿನ ಟೆಸ್ಟ್ ಮಾಡಿ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ.
3. ಕೇಬಲ್‌ನಲ್ಲಿ ಯಾವಾಗಲೂ ಚೆನ್ನಾಗಿ ಬಂದು, ವೈಫೈಯಲ್ಲಿ ಮಾತ್ರ ಕಡಿಮೆ ಅಂದ್ರೆ ತೊಂದರೆ ಮನೆಯೊಳಗೆ.
4. ಕೇಬಲ್‌ನಲ್ಲೂ ರಾತ್ರಿ ಮಾತ್ರ ಬಿದ್ರೆ ಆಪರೇಟರ್ ಕಡೆ ಜಾಮ್. ಯಾವ ಹೊತ್ತಿಗೂ ಕಡಿಮೆ ಅಂದ್ರೆ ಲೈನ್, ಬಾಕ್ಸ್ ಅಥವಾ ಪ್ಲಾನ್ ಹಾಕಿರೋದರಲ್ಲಿ ತಪ್ಪು.
5. ಹತ್ತಿರದ ಸರ್ವರ್‌ಗೆ ಚೆನ್ನಾಗಿದ್ದು ದೂರದ್ದಕ್ಕೆ ಮಾತ್ರ ಕಡಿಮೆ ಅಂದ್ರೆ ಆಚೆಗಿನ ದಾರಿ.

ದೂರು ಕೊಡೋದು ಎಲ್ಲಿ?

ಲೈನ್ ಹುಡುಗನಿಗೆ ಫೋನ್ ಮಾಡಿದ್ದು ದೂರು ಅನ್ನಿಸಿಕೊಳ್ಳಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ದೂರು ಕೊಟ್ಟು ಡಾಕೆಟ್ ನಂಬರ್ ತಗೊಳ್ಳಿ. ಕೆಲಸ ಆಗದಿದ್ರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್‌ನ 2012ರ ನಿಯಮದಲ್ಲಿ ಈ ಎರಡು ಹಂತದ ವ್ಯವಸ್ಥೆ ಇದೆ, ಮೇಲ್ಮನವಿಗೆ ಶುಲ್ಕ ಇಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ತಾನೇ ವಿಚಾರಣೆ ಮಾಡಲ್ಲ.

ಅಲ್ಲೂ ಆಗದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. ಟೆಲಿಕಾಂ ದೂರುಗಳನ್ನು ಗ್ರಾಹಕರ ಆಯೋಗ ವಿಚಾರಣೆ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಎಲ್ಲೇ ಹೋದ್ರೂ ಮಾತಾಡೋದು ಡಾಕೆಟ್ ನಂಬರ್, ರಸೀದಿ, ಕೇಬಲ್ ಹಾಕಿ ಮಾಡಿದ ಟೆಸ್ಟ್‌ನ ಸ್ಕ್ರೀನ್‌ಶಾಟ್. ವೈಫೈ ಸ್ಕ್ರೀನ್‌ಶಾಟ್ ತೋರಿಸಿದ್ರೆ ‘ಅದು ನಿಮ್ಮ ಮನೆ ಗೋಡೆ ಸಮಸ್ಯೆ’ ಅಂತಾರೆ.

ಬದಲಿಸೋ ಮುಂಚೆ

ಹೊಸದು ಬಂದು ಕನಿಷ್ಠ ಒಂದು ವಾರ ಆಗೋ ತನಕ ಹಳೇ ಕನೆಕ್ಷನ್ ಬಿಡಬೇಡಿ. ಮೊದಲು ಒಂದೇ ತಿಂಗಳ ದುಡ್ಡು ಕಟ್ಟಿ. 6 ತಿಂಗಳ ಆಫರ್ ಎರಡನೇ ತಿಂಗಳಲ್ಲೂ ಇರುತ್ತೆ. ಮುಂಗಡ ಕಟ್ಟಲೇಬೇಕು ಅಂದ್ರೆ, ಸರಿ ಬರದಿದ್ರೆ ದುಡ್ಡು ವಾಪಸ್ ಕೊಡ್ತಾರಾ ಅನ್ನೋದನ್ನು ಬರಹದಲ್ಲಿ ಕೇಳಿ. ಬಾಕ್ಸ್‌ನಲ್ಲಿ ಎರಡೂ ಬ್ಯಾಂಡ್ ಇದೆಯಾ, ಲ್ಯಾನ್ ಪೋರ್ಟ್ ಗಿಗಾಬಿಟ್ ಹೌದಾ ಕೇಳಿ. ಅದೇ ಕಂಪನಿಯ ಕನೆಕ್ಷನ್ ಇರೋ ಅಕ್ಕಪಕ್ಕದ ಮನೆಯಲ್ಲಿ ರಾತ್ರಿ 9ಕ್ಕೆ ಒಂದು ಟೆಸ್ಟ್ ಮಾಡಿಸಿ. ವೈರ್ ಎಲ್ಲಿಂದ ಒಳಗೆ ಬರುತ್ತೆ, ಬಾಕ್ಸ್ ಎಲ್ಲಿ ಕೂರುತ್ತೆ ಅನ್ನೋದನ್ನು ನೀವೇ ನಿಂತು ಹೇಳಿ. ಹಳೇ ಬಾಕ್ಸ್ ವಾಪಸ್ ಕೊಟ್ಟಾಗ ರಸೀದಿ ಮರೀಬೇಡಿ.

ಮನೆ ಕ್ಯಾಮೆರಾವನ್ನು ಊರಿಂದಾಚೆ ಕೂತು ನೋಡೋರು ಇನ್ನೊಂದು ಕೇಳಬೇಕು. ಕೆಲವು ಕಂಪನಿಗಳು ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರ್ತಾರೆ. ಆಗ ನೇರವಾಗಿ ಐಪಿ ವಿಳಾಸ ಹಾಕಿ ನೋಡ್ತಿದ್ದ ಹಳೇ ಡಿವಿಆರ್ ಕೆಲಸ ಮಾಡದೇ ಇರಬಹುದು.

ಗೋಪಾಳದ ಮನೆಯಲ್ಲಿ ಆಗಿದ್ದು ಇಷ್ಟು. ಹಾಲ್‌ನಲ್ಲಿ ಕೇಬಲ್ ಹಾಕಿ ನೋಡಿದಾಗ ಬೆಳಗ್ಗೆಯೂ ರಾತ್ರಿಯೂ 190 ದಾಟಿತು. ಲೈನ್ ಸರಿ ಇತ್ತು. ಹಳೇ ಕಂಪನಿಯ ವೈರ್ ಹಿತ್ತಲ ಕಡೆಯ ಕಂಬದಿಂದ ಬರ್ತಿತ್ತು, ಬಾಕ್ಸ್ ಇದ್ದಿದ್ದು ಮಗಳ ರೂಮಿನ ಬಾಗಿಲ ಮೇಲಿನ ಶೆಲ್ಫ್‌ನಲ್ಲಿ. ಹೊಸ ಕಂಪನಿಯ ಕಂಬ ರಸ್ತೆ ಕಡೆ. ಅವರು ಬಾಕ್ಸನ್ನು ಹಾಲ್‌ನ ಟಿವಿ ಹಿಂದೆ ಹೊಡೆದು ಹೋಗಿದ್ರು. ಮಗಳ ರೂಮಿಗೂ ಅದಕ್ಕೂ ನಡುವೆ ಮೂರು ಗೋಡೆ.

ಅಪ್ಪ ಮತ್ತೆ ದೂರು ಕೊಟ್ಟು, ಹೆಚ್ಚುವರಿ ವೈರ್‌ನ ದುಡ್ಡು ತಾವೇ ಕೊಟ್ಟು, ಬಾಕ್ಸನ್ನು ಹಳೇ ಶೆಲ್ಫ್‌ಗೆ ಹಾಕಿಸಿದ್ರು. ಅದಾದ ಮೇಲೆ ಮೀಟಿಂಗ್ ನಿಂತಿಲ್ಲ. ಮಗಳು ಇನ್ನೂ ಶಿವಮೊಗ್ಗದಲ್ಲೇ ಇದ್ದಾಳೆ, ಅಮ್ಮನ ಜೊತೆ ಆಸ್ಪತ್ರೆಗೂ ಅವಳೇ ಹೋಗ್ತಾಳೆ.